ಎರಡು ಅಂಕದ ‘ನಾವು’

ತಪ್ಪು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಮದುವೆಯ ಆಮಂತ್ರಣ ಬಂದರೆ ನಾನು ಮೊದಲು ನೋಡುವುದು ಮುಹೂರ್ತವನ್ನಲ್ಲ, ಅದರಲ್ಲಿರುವ ಇಂಗ್ಲಿಷನ್ನು. ಬಂಟ್ವಾಳದ ಮನೆಯಿಂದ ಬೆಳ್ತಂಗಡಿ ಕಡೆಯ ಶಾಲೆಗೆ ಬಸ್ಸಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ಅಂಗಡಿ ಬೋರ್ಡುಗಳಿಗೆ ಮನಸ್ಸಿನಲ್ಲೇ ಕೆಂಪು ಗೆರೆ ಎಳೆಯುತ್ತೇನೆ. ಮಡಂತ್ಯಾರು ದಾಟಿದ ಮೇಲೆ ಒಂದು ಸಲೂನಿನವರು ‘ಹೇರ್ ಕಟಿಂಗ್’ ಎಂದು ಬರೆಸಲು ಹೋಗಿ ‘ಹಿಯರ್ ಕಟಿಂಗ್’ ಎಂದು ಬರೆಸಿದ್ದಾರೆ. ಅಲ್ಲಿಗೆ ಹೋದವರ ಕಿವಿಗಳೆಲ್ಲ ಸರಿಯಾಗಿಯೇ ಉಂಟಲ್ಲ, ನಿನಗೇನು ತೊಂದರೆ ಎಂದು ನನ್ನ ಗಂಡ ಕೇಳುತ್ತಾರೆ. ತೊಂದರೆ ಉಂಟು. ಇಪ್ಪತ್ತು ವರ್ಷದಿಂದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವಳಿಗೆ ಅದು ಹಲ್ಲಿನ ಸಂದಿಗೆ ಸಿಕ್ಕಿದ ನಾರಿನ ಹಾಗೆ ಕಾಡುತ್ತದೆ.

ನಮ್ಮದು ಚಾರ್ಮಾಡಿಗೆ ಹೋಗುವ ರಸ್ತೆಯಲ್ಲಿರುವ ಕನ್ನಡ ಮಾಧ್ಯಮದ ಶಾಲೆ. ಮಕ್ಕಳಿಗೆ ಮನೆಯಲ್ಲಿ ತುಳು, ಶಾಲೆಯಲ್ಲಿ ಪುಸ್ತಕದ ಕನ್ನಡ, ನನ್ನ ಪೀರಿಯಡ್ಡಿನಲ್ಲಿ ಮಾತ್ರ ಇಂಗ್ಲಿಷ್. ಅದೂ ನನ್ನ ಕಿವಿಗೆ ಬೀಳುವಷ್ಟು. ನನ್ನ ತರಗತಿಯಲ್ಲಿ ತುಳು ಮಾತಾಡಬಾರದು ಎಂದು ಮೊದಲ ದಿನವೇ ಹೇಳಿಬಿಡುತ್ತಿದ್ದೆ. ನಾನೂ ತುಳುವಿನಲ್ಲೇ ಅತ್ತು, ನಕ್ಕು, ಬೈದು ಬೆಳೆದವಳು ಎನ್ನುವುದು ಮಕ್ಕಳಿಗೆ ಗೊತ್ತಿತ್ತು. ಆದರೂ ಹೆದರುತ್ತಿದ್ದರು.

ಹತ್ತನೆಯ ತರಗತಿಯವರಿಗೆ ದಸರಾಕ್ಕೆ ಮೊದಲು ಅರ್ಧವಾರ್ಷಿಕ ಪರೀಕ್ಷೆ ಇರುತ್ತದೆ. ನಮ್ಮ ಶಾಲೆಯಲ್ಲಿ ಆ ಪರೀಕ್ಷೆಗೆ ಇನ್ನೊಂದು ಕೆಲಸವೂ ಇತ್ತು. ಅದನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ನೂರಕ್ಕೆ ನೂರು ಫಲಿತಾಂಶ ನಮ್ಮ ಹೆಡ್‌ಮಾಸ್ಟರರಿಗೆ ಹೆಂಡತಿ ಮಕ್ಕಳಿಗಿಂತ ಹತ್ತಿರದ ವಿಷಯ. ಅರ್ಧವಾರ್ಷಿಕದಲ್ಲಿ ಯಾವುದಾದರೂ ಒಂದು ವಿಷಯದಲ್ಲಿ ಪಾಸಾಗದವರ ಹೆಸರು ಅವರ ಮೇಜಿನ ಗಾಜಿನ ಕೆಳಗೆ ಒಂದು ಚೀಟಿಯಲ್ಲಿ ಸೇರುತ್ತಿತ್ತು. ಆ ಮಕ್ಕಳ ಹಾಜರಿ ಸ್ವಲ್ಪ ಕಡಿಮೆ ಇದ್ದರೆ ಸಾಕು. ಮನೆಯವರನ್ನು ಕರೆಸಿ, ಹಾಜರಿ ಸಾಲುವುದಿಲ್ಲ, ಈ ವರ್ಷ ಪರೀಕ್ಷೆಗೆ ಕೂರಲಿಕ್ಕೆ ಆಗುವುದಿಲ್ಲ, ಬರುವ ವರ್ಷ ಖಾಸಗಿಯಾಗಿ ಕಟ್ಟಿ ಎಂದು ನಯವಾಗಿ ಹೇಳಿ ಕಳಿಸುತ್ತಿದ್ದರು. ಚೆನ್ನಾಗಿ ಓದುವವರ ಹಾಜರಿ ಕಡಿಮೆಯಾದರೆ ಅದನ್ನು ಸರಿಮಾಡುವ ದಾರಿಯೂ ಅವರಿಗೇ ಗೊತ್ತಿತ್ತು. ಹೀಗೆ ಹೋದವರಲ್ಲಿ ಮರಳಿ ಕಟ್ಟಿದವರು ಬಹಳ ಕಡಿಮೆ.

ಆ ವರ್ಷ ಇಂಗ್ಲಿಷಿನ ಪ್ರಶ್ನೆಪತ್ರಿಕೆ ತಯಾರಿಸಿದವಳು ನಾನೇ. ಓದಿ ಅರ್ಥಮಾಡಿಕೊಳ್ಳುವ ಭಾಗಕ್ಕೆ ಪಟ್ಟಣದ ಕಥೆ ಬೇಡ, ಮಕ್ಕಳು ಕಂಡದ್ದೇ ಇರಲಿ ಎಂದು ಒಂದು ಪ್ಯಾಸೇಜ್ ಸ್ವತಃ ಬರೆದೆ. ಆ ಮಳೆಗಾಲದಲ್ಲಿ ಘಟ್ಟದ ಬುಡದ ಒಂದು ಊರಿನ ಕಾಲುಸಂಕ, ಹೊಳೆ ದಾಟುವ ಸಣ್ಣ ಸೇತುವೆ, ಕೊಚ್ಚಿಹೋದದ್ದನ್ನು ಪೇಪರಿನಲ್ಲಿ ನೋಡಿದ್ದೆ. ಅದನ್ನೇ ಇಟ್ಟುಕೊಂಡೆ. ನನ್ನ ಪ್ಯಾಸೇಜಿನಲ್ಲಿ ಒಬ್ಬ ಇಂಜಿನಿಯರ್ ಆ ಊರಿಗೆ ಬರುತ್ತಾನೆ. ಹೊಳೆಯ ಬದಿಯಲ್ಲಿ ನಿಂತು ಜನರಿಗೆ ಹೇಳುತ್ತಾನೆ: ನಾವು ನಮ್ಮ ಸೇತುವೆಯನ್ನು ಕಳೆದುಕೊಂಡಿದ್ದೇವೆ, ನಾವು ಅದನ್ನು ಮತ್ತೆ ಕಟ್ಟುತ್ತೇವೆ. ಮೂರು ತಿಂಗಳಲ್ಲಿ ಸೇತುವೆ ಆಗುತ್ತದೆ, ಮಕ್ಕಳು ನಗುತ್ತಾ ಶಾಲೆಗೆ ಹೋಗುತ್ತಾರೆ. ಆ ಕೊನೆಯನ್ನು ಬರೆಯುವಾಗ ನನಗೇ ಖುಷಿಯಾಗಿತ್ತು. ಕೆಳಗೆ ಎರಡು ಅಂಕದ ಪ್ರಶ್ನೆ: ಇಲ್ಲಿ ‘ವೀ’ ಎಂದರೆ ಯಾರು? ನನ್ನ ಕೀ ಉತ್ತರ: ಇಂಜಿನಿಯರ್ ಮತ್ತು ಊರಿನ ಜನ.

ಪರೀಕ್ಷೆಯ ದಿನ ಕೊಠಡಿಯಲ್ಲಿ ನಾನೇ ಇದ್ದೆ. ಅರ್ಧ ಗಂಟೆಯಾಗಿರಬಹುದು, ಹಿಂದಿನ ಬೆಂಚಿನ ಒಬ್ಬಳು ಹುಡುಗಿ ಎದ್ದು ನಿಂತಳು. ಘಟ್ಟದ ಬುಡದಿಂದ ಬರುವವಳು, ಮಾತು ಕಡಿಮೆ, ಆ ಮಳೆಗಾಲದಲ್ಲಿ ವಾರಗಟ್ಟಲೆ ಬಾರದೆ ನನ್ನ ಕೈಯಲ್ಲಿ ಎರಡು ಸಲ ಬೈಸಿಕೊಂಡವಳು.

“ಟೀಚರ್, ಈ ವೀ ಉಂಟಲ್ಲ, ಇದು ನಮನಾ, ಎಂಕುಲಾ?”

ಕೊಠಡಿಯಿಡೀ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಕನ್ನಡದಲ್ಲಿ ‘ನಾವು’ ಎಂಬ ಒಂದೇ ಮಾತಿಗೆ ತುಳುವಿನಲ್ಲಿ ಎರಡು ಮಾತು. ಕೇಳುವವರನ್ನೂ ಸೇರಿಸಿಕೊಂಡು ಹೇಳಿದರೆ ‘ನಮ’. ಕೇಳುವವರನ್ನು ಹೊರಗಿಟ್ಟು, ನಾವಷ್ಟೇ, ನೀವಲ್ಲ ಎಂದು ಹೇಳಿದರೆ ‘ಎಂಕುಲು’. ಊಟಕ್ಕೆ ಹೋಗುವ ಮಾತು ಬಂದಾಗ ‘ನಮ’ ಎಂದರೆ ನಿಮಗೂ ಎಲೆ ಉಂಟು, ‘ಎಂಕುಲು’ ಎಂದರೆ ನಿಮಗಿಲ್ಲ. ಮೂರು ವರ್ಷದ ಮಗುವೂ ಇದನ್ನು ತಪ್ಪುವುದಿಲ್ಲ. ಇಂಗ್ಲಿಷಿನಲ್ಲಿ ಆ ಭೇದ ಇಲ್ಲ, ಹಾಗಾಗಿ ನನ್ನ ಪರೀಕ್ಷೆಯಲ್ಲೂ ಇರಲಿಲ್ಲ.

“ಇಂಗ್ಲಿಷ್ ಪರೀಕ್ಷೆಯಲ್ಲಿ ತುಳು ಎಂತಕ್ಕೆ ಮಾರಾಯ್ತಿ? ಉತ್ತರ ಪ್ಯಾಸೇಜಿನಲ್ಲೇ ಉಂಟು, ಕೂತು ಓದು,” ಎಂದೆ. ಅವಳು ಕೂತಳು.

ಆ ಶನಿವಾರ, ಭಾನುವಾರ ಮನೆಯಲ್ಲಿ ಪೇಪರ್ ತಿದ್ದಿದೆ. ಹೆಚ್ಚಿನವರು ಮಾಡುವುದೇನೆಂದು ನನಗೆ ಗೊತ್ತು, ಯಾಕೆಂದರೆ ಕಲಿಸಿದವಳು ನಾನೇ. ಪ್ರಶ್ನೆಯಲ್ಲಿರುವ ಪದವನ್ನು ಪ್ಯಾಸೇಜಿನಲ್ಲಿ ಹುಡುಕುವುದು, ಅದಿರುವ ಸಾಲನ್ನು ಇದ್ದಂತೆ ಇಳಿಸುವುದು. ಅರ್ಥವಾಗಬೇಕೆಂದಿಲ್ಲ, ಸಾಲು ಸರಿಯಿದ್ದರೆ ಅಂಕ ಬರುತ್ತದೆ. ಮುಂದಿನ ಬೆಂಚಿನವಳೊಬ್ಬಳು ‘ಬ್ರಿಡ್ಜ್’ ಎಂಬ ಪದವನ್ನೇ ಪ್ರಾಣಿ ಎಂದು ತಿಳಿದಿದ್ದಳು, ಬೇರೊಂದು ಪ್ರಶ್ನೆಯಲ್ಲಿ ಅದು ಗೊತ್ತಾಯಿತು. ಪ್ಯಾಸೇಜಿನ ಭಾಗದಲ್ಲಿ ಅವಳಿಗೆ ಪೂರ್ತಿ ಅಂಕ.

ಹಿಂದಿನ ಬೆಂಚಿನವಳು ಸಾಲನ್ನು ಇಳಿಸಿರಲಿಲ್ಲ. ತನ್ನದೇ ಇಂಗ್ಲಿಷಿನಲ್ಲಿ ಬರೆದಿದ್ದಳು. “ಫಸ್ಟ್ ವೀ ಈಸ್ ವಿಲೇಜ್ ಪೀಪಲ್. ಸೆಕೆಂಡ್ ವೀ ಈಸ್ ಆಫೀಸ್ ಪೀಪಲ್ ಓನ್ಲಿ. ದೇ ಈಸ್ ಕಮ್ ಅಂಡ್ ಗೋ. ವಿಲೇಜ್ ನಾಟ್ ಆಸ್ಕ್.” ಬರೆದ ಮೂರು ಗೆರೆಯಲ್ಲಿ ನಾನು ಆರು ಕಡೆ ಕೆಂಪು ಸುತ್ತು ಹಾಕಿದೆ. ‘ದೇ ಈಸ್’ ಕಂಡು ಸಿಟ್ಟೂ ಬಂತು, ಆ ಪಾಠವನ್ನು ಎಷ್ಟು ಸಲ ಮಾಡಿದ್ದೇನೋ. ಪಕ್ಕದಲ್ಲಿ ಸೊನ್ನೆ ಹಾಕಿ, ಪ್ಯಾಸೇಜನ್ನು ಓದಿ ಬರೆ ಎಂದು ಇಂಗ್ಲಿಷಿನಲ್ಲಿ ಬರೆದೆ. ಒಟ್ಟು ಕೂಡಿಸಿದಾಗ ಪಾಸಿಗೆ ಎರಡು ಅಂಕ ಕಡಿಮೆಯಾಯಿತು. ಉಳಿದ ಎಲ್ಲ ವಿಷಯಗಳಲ್ಲಿ ಅವಳು ಪಾಸಾಗಿದ್ದಳು.

ಹೆಡ್‌ಮಾಸ್ಟರರು ನನ್ನನ್ನು ಕರೆದಾಗ ಚೀಟಿಯಲ್ಲಿ ಅವಳ ಹೆಸರು ಸೇರಿಯಾಗಿತ್ತು.

“ಇದೊಂದು ಇಂಗ್ಲಿಷ್ ಮಾತ್ರ. ನಿಮ್ಮ ಸಬ್ಜೆಕ್ಟು, ನೀವೇ ಹೇಳಿ ಟೀಚರ್. ಮಾರ್ಚಿಗೆ ಪಾಸಾಗ್ತಾಳಾ? ಆಗ್ತಾಳೆ ಅಂತ ನೀವು ಹೇಳಿದ್ರೆ ಹಾಜರಿ ನಾನು ನೋಡಿಕೊಳ್ತೇನೆ.”

ಆ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಸಾಕಿತ್ತು. ಇನ್ನೂ ಐದು ತಿಂಗಳಿತ್ತು. ಎರಡು ಅಂಕ ಕಡಿಮೆಯಾದ ಹುಡುಗಿಯನ್ನು ದಾಟಿಸಲು ನನಗೆ ಐದು ವಾರ ಸಾಕು ಎಂದು ನನಗೇ ಗೊತ್ತಿತ್ತು. ಆದರೆ ಹಿಂದಿನ ವರ್ಷ ನನ್ನ ವಿಷಯದಲ್ಲಿ ಒಬ್ಬ ಫೇಲಾಗಿ, ಶಾಲೆಯ ನೂರು ತಪ್ಪಿ, ವರ್ಷವಿಡೀ ಸ್ಟಾಫ್ ರೂಮಿನಲ್ಲಿ ತಲೆ ತಗ್ಗಿಸಿದ್ದೆ. ಅದು ನೆನಪಾಯಿತು.

“ಹೇಳ್ಲಿಕ್ಕೆ ಆಗುದಿಲ್ಲ ಸರ್,” ಎಂದೆ.

ಅವರು ತಲೆಯಾಡಿಸಿದರು. ಅಷ್ಟೇ.

ಮರುದಿನ ಅವಳ ತಾಯಿ ಬಂದರು. ಬೀಡಿ ಕಟ್ಟುವವರು, ಬೆರಳ ತುದಿಗೆ ತಂಬಾಕಿನ ಬಣ್ಣ. ಮಗಳು ಬಾಗಿಲ ಹೊರಗೆ ನಿಂತಿದ್ದಳು. ಹೆಡ್‌ಮಾಸ್ಟರರು ಹಾಜರಿ ಪುಸ್ತಕ ತೆರೆದು ತೋರಿಸಿದರು. ಆ ತಾಯಿ ಪುಸ್ತಕ ನೋಡಲಿಲ್ಲ, ನನ್ನ ಕಡೆ ನೋಡಿದರು.

“ಸಂಕ ಹೋದದ್ದು ಟೀಚರ್ ನಿಮಗೆ ಗೊತ್ತುಂಟಲ್ಲ? ಪೇಪರಿನಲ್ಲಿ ಸಹ ಬಂದಿತ್ತು. ನೀರು ಇಳಿಯುವವರೆಗೆ ಮಗುವನ್ನು ಹೇಗೆ ದಾಟಿಸುವುದು? ಆಫೀಸಿನವರು ಜೀಪಿನಲ್ಲಿ ಬಂದಿದ್ರು. ನಾವು ಕಟ್ಟುತ್ತೇವೆ ಅಂತ ಹೇಳಿ ಹೋದ್ರು. ಮತ್ತೆ ಬರ್ಲಿಲ್ಲ.”

ನಾನು ಖುಷಿಯಿಂದ ಮೂರು ತಿಂಗಳಲ್ಲಿ ಕಟ್ಟಿಸಿಕೊಟ್ಟದ್ದು ಇವರ ಊರಿನ ಸಂಕವನ್ನು. ಹುಡುಗಿಗೆ ಬೈದದ್ದೂ ಆ ಸಂಕ ಇಲ್ಲದ ದಿನಗಳಿಗೆ. ಮಾತಾಡಲು ಬಾಯಿ ತೆರೆದೆ, ಹೆಡ್‌ಮಾಸ್ಟರರು ಆಗಲೇ ಒಪ್ಪಿಗೆಯ ಕಾಗದವನ್ನು ಮುಂದಿಟ್ಟಿದ್ದರು. ತಾಯಿ ಕನ್ನಡದಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು. “ಬರುವ ವರ್ಷ ಕಟ್ಟಬಹುದಲ್ಲ?” ಎಂದು ಎರಡು ಸಲ ಕೇಳಿದರು. ಕಟ್ಟಬಹುದು ಎಂದು ಎರಡು ಸಲವೂ ನಾನೇ ಹೇಳಿದೆ.

ಅವರು ಹೋದ ಮೇಲೆ ಕಪಾಟಿನಿಂದ ಕಟ್ಟು ಬಿಚ್ಚಿ ಅವಳ ಉತ್ತರಪತ್ರಿಕೆಯನ್ನು ಹೊರಗೆ ತೆಗೆದೆ. ಕೆಂಪು ಸುತ್ತುಗಳನ್ನು ಬಿಟ್ಟು ಓದಿದೆ. ಕಳೆದುಕೊಂಡವರು ಊರಿನವರು, ಕಟ್ಟುತ್ತೇವೆ ಎಂದವರು ಆಫೀಸಿನವರು, ಎರಡು ‘ನಾವು’ ಒಂದಲ್ಲ. ಆ ಪ್ಯಾಸೇಜನ್ನು ಇಡೀ ತರಗತಿಯಲ್ಲಿ ಓದಿ ಅರ್ಥಮಾಡಿಕೊಂಡವಳು ಅವಳೊಬ್ಬಳೇ. ಬರೆದ ನನಗೂ ಅಷ್ಟು ಅರ್ಥವಾಗಿರಲಿಲ್ಲ. ಎರಡಕ್ಕೆ ಎರಡು ಕೊಡಬೇಕಿತ್ತು, ಕೊಟ್ಟಿದ್ದರೆ ಚೀಟಿಯಲ್ಲಿ ಹೆಸರೇ ಇರುತ್ತಿರಲಿಲ್ಲ. ಪೆನ್ನು ಕೈಯಲ್ಲೇ ಇತ್ತು. ಹೆಡ್‌ಮಾಸ್ಟರರ ಕೋಣೆಗೆ ಹದಿನೈದು ಹೆಜ್ಜೆ. ನನಗೆ ಧೈರ್ಯ ಸಾಲಲಿಲ್ಲ ಎಂದರೆ ಅದು ಸುಳ್ಳಾಗುತ್ತದೆ. ನನ್ನ ಕೀ ತಪ್ಪು ಎಂದು ಇನ್ನೊಬ್ಬರ ಮುಂದೆ ಹೇಳಲು ನನಗೆ ಮನಸ್ಸು ಬರಲಿಲ್ಲ. ಕಟ್ಟನ್ನು ಮತ್ತೆ ಕಟ್ಟಿ ಒಳಗಿಟ್ಟೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ, ಆಗಬೇಕಾದದ್ದೇ.

ಆ ವರ್ಷ ನೂರಕ್ಕೆ ನೂರು ಬಂತು. ಗೇಟಿಗೆ ದೊಡ್ಡ ಬ್ಯಾನರು ಕಟ್ಟಿದರು, ನಡುವೆ ಅಧ್ಯಾಪಕರೆಲ್ಲರ ಫೋಟೋ. ಮೇಲೆ ಇಂಗ್ಲಿಷಿನಲ್ಲಿ ‘ವೀ ಡಿಡ್ ಇಟ್’ ಎಂದಿತ್ತು. ಪ್ರಿಂಟಿಗೆ ಕೊಡುವ ಮೊದಲು ತಪ್ಪು ಉಂಟಾ ನೋಡಿ ಎಂದು ನನಗೇ ಕೊಟ್ಟಿದ್ದರು. ಇಲ್ಲ ಎಂದು ಹೇಳಿದ್ದೆ.

ಎರಡು ವರ್ಷದ ಮೇಲೆ ಮೂಡುಬಿದಿರೆಯಲ್ಲಿ ಇಂಗ್ಲಿಷ್ ಅಧ್ಯಾಪಕರಿಗೆ ಒಂದು ತರಬೇತಿ ಇತ್ತು. ಮಕ್ಕಳ ಗ್ರಹಿಕೆಯನ್ನು ಅಳೆಯುವುದು ಹೇಗೆ ಎಂಬುದೇ ವಿಷಯ. ಮಗು ಏನು ಅರ್ಥಮಾಡಿಕೊಂಡಿದೆ ಎಂದು ಮೊದಲು ನೋಡಿ, ವ್ಯಾಕರಣವನ್ನು ಆಮೇಲೆ ನೋಡಿ ಎಂದು ಬೆಳಗ್ಗೆಯಿಂದ ಹೇಳುತ್ತಿದ್ದರು, ನಾವೆಲ್ಲ ಬರೆದುಕೊಳ್ಳುತ್ತಿದ್ದೆವು. ಪ್ರತಿಯೊಬ್ಬರೂ ತಾವು ಬರೆದ ಒಂದು ಪ್ಯಾಸೇಜನ್ನು ಮಾದರಿಯಾಗಿ ತರಬೇಕಿತ್ತು. ನಾನು ಸಂಕದ ಪ್ಯಾಸೇಜನ್ನೇ ಒಯ್ದಿದ್ದೆ. ‘ವೀ’ ಪ್ರಶ್ನೆಯನ್ನು ಮಾತ್ರ ತೆಗೆದುಹಾಕಿದ್ದೆ. ಮಧ್ಯಾಹ್ನದ ಬಿಡುವಿನಲ್ಲಿ ಜೆರಾಕ್ಸ್ ಮಾಡಿಸಲು ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಹೋದೆ.

ಯಂತ್ರದ ಹಿಂದೆ ನಿಂತಿದ್ದವಳು ಅವಳೇ. ಎತ್ತರವಾಗಿದ್ದಳು, ಜಡೆ ಹೋಗಿ ಕ್ಲಿಪ್ಪು ಬಂದಿತ್ತು. ನನ್ನನ್ನು ಕಂಡು ನಿಜವಾಗಿಯೂ ಸಂತೋಷಪಟ್ಟಳು, ಅದೇ ನನಗೆ ಕಷ್ಟವಾಯಿತು. ಚಿಕ್ಕಮ್ಮನ ಮನೆಯಲ್ಲಿದ್ದೇನೆ ಎಂದಳು. ಪರೀಕ್ಷೆ ಕಟ್ಟಿದೆಯಾ ಎಂದು ಕೇಳಿದೆ.

“ಫಾರ್ಮ್ ತಂದಿದ್ದೆ ಟೀಚರ್. ಇಲ್ಲಿ ಸೇರಿದ ಮೇಲೆ ಮತ್ತೆ ಆಗ್ಲಿಲ್ಲ.”

“ನಿಮ್ಮಲ್ಲಿ ಸಂಕ ಆಯ್ತಾ?”

“ಇಲ್ಲ. ಮರದ್ದು ಹಾಕಿದ್ದಾರೆ ಊರಿನವರು. ಮಳೆಗೆ ಹೋಗ್ತದೆ, ಪುನಃ ಹಾಕ್ತಾರೆ.”

ಹಾಳೆಯನ್ನು ಯಂತ್ರದ ಮೇಲಿಡುವಾಗ ಅವಳ ಕಣ್ಣು ಅದರ ಮೇಲೆ ಬಿತ್ತು. ಕೊನೆಯವರೆಗೂ ಓದಿದಳು. ತುಟಿ ಅಲುಗದೆ ಓದಿದಳು, ಶಾಲೆಯಲ್ಲಿದ್ದಾಗ ಹಾಗೆ ಓದುತ್ತಿರಲಿಲ್ಲ.

“ಇದು ಅದೇ ಅಲ್ವಾ? ಆ ಪ್ರಶ್ನೆ ತೆಗೆದ್ರಾ ಟೀಚರ್? ನಮನಾ ಎಂಕುಲಾ ಅಂತ ಕೇಳಿ ನನಗೆ ಎಲ್ಲರೂ ನಗಾಡಿದ್ದು?”

“ಜಾಗ ಸಾಲಲಿಲ್ಲ,” ಎಂದೆ. ಇಪ್ಪತ್ತು ವರ್ಷ ಮಕ್ಕಳ ಸುಳ್ಳು ಹಿಡಿದವಳು ಇಷ್ಟು ಬಡ ಸುಳ್ಳು ಹೇಳಿದೆ. ಅವಳು ಒಪ್ಪಿಕೊಂಡವಳಂತೆ ತಲೆಯಾಡಿಸಿ ಗುಂಡಿ ಒತ್ತಿದಳು. ಪ್ರತಿಗಳು ಒಂದೊಂದಾಗಿ ಬೀಳತೊಡಗಿದವು. ಕ್ಷಮಿಸು, ನಿನ್ನ ಉತ್ತರ ಸರಿಯಿತ್ತು ಎಂದು ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅವಳೇ ಕೇಳಿದಳು, ತುಳುವಿನಲ್ಲಿ, ಈ ವರ್ಷ ರಿಸಲ್ಟ್ ಹೇಗೆ ಎಂದು. ಬೇರೆ ಮಾತು ಸಿಕ್ಕಿತಲ್ಲ ಎಂದು ನನಗೆ ಬಿಡುಗಡೆಯಾದ ಹಾಗಾಯಿತು. ನಾನೂ ತುಳುವಿನಲ್ಲಿ, ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ:

“ಎಂಕ್ಲೆಗ್ ಈ ವರ್ಸಲಾ ನೂದೆಕ್ ನೂದು.”

ನಮಗೆ ಈ ವರ್ಷವೂ ನೂರಕ್ಕೆ ನೂರು. ಅವಳು ಕಲಿತ ಶಾಲೆ, ಅವಳ ಮುಂದೆ ನಿಂತ ಅವಳ ಟೀಚರ್. ‘ನಮ’ದ ‘ನಂಕ್’ ಎನ್ನಬಹುದಿತ್ತು, ಅವಳೂ ಒಳಗೆ ಬರುತ್ತಿದ್ದಳು. ನನ್ನ ಬಾಯಿಗೆ ಬಂದದ್ದು ‘ಎಂಕುಲು’ವಿನ ‘ಎಂಕ್ಲೆಗ್’.

ಅವಳು ಹಾಳೆಗಳ ಅಂಚನ್ನು ಮೇಜಿಗೆ ಬಡಿದು ಸರಿಮಾಡಿ, ಸ್ಟೇಪಲ್ ಹೊಡೆದು, ನನ್ನ ಕೈಗೆ ಕೊಟ್ಟಳು.

“ನಿಕ್ಲೆಗ್ ಎಡ್ಡೆ ಆಂಡ್, ಟೀಚರ್,” ಎಂದಳು. ನಿಮಗೆ ಒಳ್ಳೆಯದಾಯಿತು.

ಪರೀಕ್ಷೆಯ ದಿನ ಎದ್ದು ನಿಂತು ಅವಳು ಕೇಳಿದ್ದಕ್ಕೆ ಅಂತೂ ನಾನು ಉತ್ತರ ಕೊಟ್ಟಿದ್ದೆ. ಅದರಲ್ಲಿ ವ್ಯಾಕರಣದ ತಪ್ಪು ಒಂದೂ ಇರಲಿಲ್ಲ.