ಹಣೆಯವರೆಗೆ ಬಂದ ಅಧ್ಯಕ್ಷರು

ಕೇಣಿಯ ಮೀನುಗಾರರ ಸಂಘದ ಗುಮಾಸ್ತ ದತ್ತಾನಿಗೆ ಜೀವಮಾನದಲ್ಲಿ ಇದ್ದದ್ದು ಒಂದೇ ಹೆಮ್ಮೆ, ತಾನು ಮಾಡಿದ ಸಂಘದ ವೆಬ್‌ಪುಟ. ನೋಡಲು ಚೆಂದವೇನಿಲ್ಲ, ರೇಶನ್ ಅಂಗಡಿಯ ಹಲಗೆಯಂತೆ ಬರೀ ಅಕ್ಷರ. ಗಾಳಿ ಹೇಗಿದೆ, ಬೈತಖೋಲ ಬಂದರಿಗೆ ಯಾವ ಮೀನು ಬಂದಿದೆ, ಹರಾಜಿನಲ್ಲಿ ಏನು ದರ, ಇಷ್ಟೇ. ಕೇಣಿಯ ದಂಡೆಯಲ್ಲಿ ಸಿಗ್ನಲ್ಲು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಅಲ್ಲಿಯೂ ಈ ಪುಟ ತಟ್ಟನೆ ತೆರೆಯುತ್ತಿತ್ತು. ಅದರ ಭಾರ ಹೆಚ್ಚೀತೆಂದು ದತ್ತಾ ಒಂದು ಗೆರೆ ಎಳೆಯಲೂ ಹಿಂದೆಮುಂದೆ ನೋಡುತ್ತಿದ್ದ. ಹೆಂಡತಿ ವೈಜಯಂತಿ, "ಮನೆ ಸಾರಿಗೂ ಹೀಂಗೇ ಅಳೆದು ಅಳೆದು ತೆಂಗಿನಕಾಯಿ ಹಾಕ್ಬೇಕನಾ?" ಎಂದು ಕೇಳುತ್ತಿದ್ದಳು.

ಆ ಪುಟವನ್ನು ನಂಬಿ ದಿನ ಕಳೆಯುತ್ತಿದ್ದವಳು ಮೀನು ಮಾರುವ ಹೀರಾ. ಬೆಳಗಾದೊಡನೆ ದಂಡೆಯಲ್ಲಿ ನಿಂತು ಮೊಬೈಲು ಒತ್ತುವಳು. ಬೈತಖೋಲಕ್ಕೆ ಬಂಗುಡೆ ಬಂದಿದ್ದರೆ ಬಸ್ಸು ಹತ್ತುವಳು, ಇಲ್ಲದಿದ್ದರೆ ಕೇಣಿಯ ದೋಣಿಗಳೆದುರು ಕಾದು ಸಿಕ್ಕಿದ್ದನ್ನು ಕೊಳ್ಳುವಳು. ಹೆಂಗಸರಿಗೆ ಬಸ್ಸು ಪುಕ್ಕಟೆ, ದಿನ ಪುಕ್ಕಟೆಯಲ್ಲವಲ್ಲ.

ಹೀಗಿರುವಾಗ ಸಂಘಕ್ಕೆ ಶಾಂತಾರಾಮಣ್ಣ ಹೊಸ ಅಧ್ಯಕ್ಷರಾದರು. ಆ ಸಂಭ್ರಮಕ್ಕೆ ಅಂಕೋಲೆಯಲ್ಲಿ ಕಟ್ಟಿದ್ದ ಫ್ಲೆಕ್ಸು ಗಾಳಿಮಳೆಗೆ ಹರಿದುಹೋಯಿತು.

"ದತ್ತಾ, ಆ ಫ್ಲೆಕ್ಸನ್ನೇ ಪುಟದ ಮೇಲೆ ಹಾಕು. ಅಲ್ಲಿ ಮಳೆ ಬರೂದಿಲ್ಲ."

"ಭಾರ ಆಗ್ತದೆ ಅಧ್ಯಕ್ಷರೆ. ದಂಡೆ ಮೇಲೆ ತೆರೆಯೂದಿಲ್ಲ. ಸಣ್ಣದು ಮಾಡಿ ಕೆಳಗೆ ಹಾಕ್ಲನಾ?"

"ಸಣ್ಣದು ಮಾಡೂದು ಯಾರ್ನ?" ಎಂದರು ಶಾಂತಾರಾಮಣ್ಣ, ಮೆತ್ತಗೆ. "ನಮ್ಮನೇಲಿ ಎಂಥಾದ್ದೂ ರಪ್ಪಂತ ಬತ್ತದೆ."

ಅವರ ಮನೆಯಲ್ಲಿ ವೈಫೈ ಇತ್ತು.

ಫ್ಲೆಕ್ಸ್ ಅಂಗಡಿಯ ಕೇಶವ, ರಸ್ತೆಯ ಅಗಲಕ್ಕೆಂದು ಮಾಡಿದ್ದ ಚಿತ್ರವನ್ನು ಹಾಗೆಯೇ ಕಳಿಸಿದ. ಅಧ್ಯಕ್ಷರ ಕಣ್ಣೆದುರೇ ದತ್ತಾ ಅದನ್ನು ಏರಿಸಿದ. ಅಧ್ಯಕ್ಷರು ಬಂದ ಮೇಲೆ ಉಪಾಧ್ಯಕ್ಷರನ್ನು ಬಿಡುವುದು ಹೇಗೆ? ಅವರೂ ಬಂದ ಮೇಲೆ ನಿರ್ದೇಶಕರು ಏನು ಪಾಪ ಮಾಡಿದ್ದರು? ಎಲ್ಲರೂ ಪೇಟ, ಹಾರ ಸಮೇತ ಬಂದು ಸಾಲಾಗಿ ನಿಂತರು. ಬಂಗುಡೆ ಅವರೆಲ್ಲರ ಕಾಲಡಿ ಸೇರಿತು.

ಮರುದಿನ ಹೀರಾ ಮೊಬೈಲು ಒತ್ತಿದಳು. ಮೊದಲು ಪೇಟದ ತುರಾಯಿ ಬಂತು, ಆಮೇಲೆ ಪೇಟ, ಆಮೇಲೆ ಹಣೆಯ ಕುಂಕುಮ. ಮೀಸೆ ಬರುವ ಮೊದಲೇ ಬಸ್ಸು ಬಂತು. ಅಂದಾಜಿನ ಮೇಲೆ ಹತ್ತಿದಳು. ಬೈತಖೋಲದಲ್ಲಿ ನೋಡಿದರೆ ಟ್ರಾಲರುಗಳು ಇನ್ನೂ ಕಡಲಲ್ಲೇ ಇದ್ದವು. ಮರಳಿ ಬರುವಾಗ ಕೇಣಿಯ ದೋಣಿಗಳ ಮೀನೂ ಮುಗಿದಿತ್ತು.

ಸುದ್ದಿ ಕೇಳಿ ದತ್ತಾ ಗುಟ್ಟಾಗಿ ಚಿತ್ರಗಳನ್ನೆಲ್ಲ ಕಿರಿದು ಮಾಡಿದ. ಪುಟ ಮತ್ತೆ ಓಡಿತು. ಆದರೆ ಉಪಾಧ್ಯಕ್ಷರು ನೆಂಟರಿಗೆಂದು ಅದನ್ನು ದೊಡ್ಡ ಟೀವಿಯಲ್ಲಿ ತೋರಿಸಿದಾಗ ಚಿತ್ರದಲ್ಲಿ ಅವರ ಮುಖ ಮಸುಕಾಗಿತ್ತು. ಸಭೆ ಸೇರಿತು. ಪುಟದ ಪಾಸ್‌ವರ್ಡು ಕೇಶವನಿಗೆ ಹೋಯಿತು. ದತ್ತಾನಿಗೆ ಬೇಸರವಾಗಬಾರದೆಂದು ಸನ್ಮಾನ ಇಟ್ಟುಕೊಂಡರು. "ನನ್ನ ಫೋಟೋ ಮಾತ್ರ ಬೇಡ" ಎಂದು ಅವನು ಕೈಮುಗಿದದ್ದನ್ನೇ ಕೇಶವ ಫೋಟೋ ಹೊಡೆದು, ಪುಟದಲ್ಲಿ ಎಲ್ಲರಿಗಿಂತ ಮೇಲೆ ಹಾಕಿದ.

ಮಾರನೆಯ ಬೆಳಿಗ್ಗೆ ದಂಡೆಯಲ್ಲಿ ಹೀರಾ ಮೊಬೈಲನ್ನು ಅವನೆದುರು ಹಿಡಿದಳು.

"ನಿನ್ನ ತಲೆ ಬಂತು ತಮಾ. ಬಂಗುಡೆ ಬಂದಿಲ್ಲ."

"ತಡಿ ಹೀರಕ್ಕ, ಬತ್ತದೆ."

ಇಬ್ಬರೂ ನೋಡುತ್ತ ನಿಂತರು. ದತ್ತಾ ತನ್ನ ಕಿವಿಯವರೆಗೆ ಬಂದು ನಿಂತುಬಿಟ್ಟ. ರಸ್ತೆಯಲ್ಲಿ ಬಸ್ಸಿನ ಹಾರ್ನು ಕೇಳಿತು. ಹೀರಾ ಮೊಬೈಲನ್ನು ಖಾಲಿ ಬುಟ್ಟಿಯೊಳಗೆ ಹಾಕಿಕೊಂಡು, ಅಂದಾಜಿನ ಮೇಲೆಯೇ ಬಸ್ಸಿನ ಕಡೆ ನಡೆದಳು.