ಚಿಕ್ಕಮ್ಮನ ಪರದೆಯ ಮೇಲಿನ ಮುಖಗಳು

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಕ್ಷಮಿಸಿ. ಶಾಲೆ ಬಿಟ್ಟ ಮೇಲೆ ಬರೆಯುವ ಅಭ್ಯಾಸ ತಪ್ಪಿದೆ, ಒಳ್ಳೆಯ ಮಾತುಗಳೂ ಬೇಗ ಹೊಳೆಯುವುದಿಲ್ಲ. ಸಿಟ್ಟು ಬಂದಿರುವುದರಿಂದ ಬರೆಯುತ್ತಿದ್ದೇನೆ. ಸಿಟ್ಟಿನ ಭರದಲ್ಲಿ ಸುಳ್ಳು ಸೇರಿಕೊಳ್ಳಬಾರದೆಂದು ಒಂದೊಂದೇ ವಾಕ್ಯವನ್ನು ಎರಡು ಸಲ ಓದಿ ಮುಂದೆ ಹೋಗುತ್ತಿದ್ದೇನೆ.

ನನ್ನ ಚಿಕ್ಕಮ್ಮ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಾಳೆ. ಮುಂದಿನ ಕೋಣೆಯಲ್ಲಿ ಮಾಲೀಕರು ಫೋಟೋ ತೆಗೆಯುತ್ತಾರೆ. ಹಿಂದೆ, ಕಿಟಕಿಯಿಲ್ಲದ ಕೋಣೆಯಲ್ಲಿ ಚಿಕ್ಕಮ್ಮ ಕಂಪ್ಯೂಟರಿನ ಮುಂದೆ ಕೂತು ಅವುಗಳನ್ನು ತಿದ್ದುತ್ತಾಳೆ. ಮೊಡವೆ ಅಳಿಸುವುದು, ಸೊಟ್ಟಗಿರುವ ಕಾಲರ್ ನೆಟ್ಟಗೆ ಮಾಡುವುದು, ಕಣ್ಣು ಮುಚ್ಚಿದವರಿಗೆ ಇನ್ನೊಂದು ಫೋಟೋದಿಂದ ತೆರೆದ ಕಣ್ಣು ತಂದು ಕೂರಿಸುವುದು. ಅಂಗಡಿ ಗುಡಿಸಲು ಸೇರಿದವಳು, ಹಿಂದೆ ನಿಂತು ನೋಡಿ ನೋಡಿ ಕಲಿತಳು. ಆ ಕುರ್ಚಿ ಸಿಗಲು ಅವಳಿಗೆ ವರ್ಷಗಳೇ ಹಿಡಿದವು.

ಅವಳದು ಅವಳದೇ ಪದ್ಧತಿ. ಎಲ್ಲ ಫೋಟೋಗಳನ್ನೂ ಪರದೆಯ ಮೇಲೆಯೇ ಹರಡಿಕೊಳ್ಳುತ್ತಾಳೆ. ಇನ್ನೂ ಮುಟ್ಟದವು ಎಡಕ್ಕೆ, ಅರ್ಧ ಕೆಲಸವಾದವು ನಡುವೆ, ಪ್ರಿಂಟಿಗೆ ಸಿದ್ಧವಾದವು ಬಲಕ್ಕೆ. ಪರದೆ ತುಂಬ ಪುಟ್ಟ ಪುಟ್ಟ ಮುಖಗಳು. ಯಾವುದಕ್ಕೂ ಹೆಸರು ಕೊಡುವುದಿಲ್ಲ. ಕ್ಯಾಮೆರಾ ಹಾಕಿದ ಉದ್ದನೆಯ ನಂಬರೇ ಇರುತ್ತದೆ.

"ಫೋಲ್ಡರ್ ಮಾಡಿ ಹಾಕು ಚಿಕ್ಕಮ್ಮಾ" ಎಂದು ನಾನು ಹೇಳಿದ್ದೆ.

"ಒಳಗೆ ಹಾಕಿದ್ರೆ ಮರ್ತೇಬಿಡ್ತೀನಿ ಕಣೇ. ಕಣ್ಣೆದುರಿಗೇ ಇದ್ದು ಪ್ರಾಣ ತಿಂತಾ ಇರ್ಬೇಕು, ಆಗ್ಲೇ ಕೆಲಸ ಮುಗಿಯೋದು."

ಮಾಲೀಕರ ಬಾಮೈದ ಅಂಗಡಿಗೆ ಸೇರಿದ ಮೇಲೆ ತೊಂದರೆ ಶುರುವಾಯಿತು. ಚಿಕ್ಕಮ್ಮ ಊಟ ಮುಗಿಸಿ ಬರುವಷ್ಟರಲ್ಲಿ ಪರದೆಯ ಮೇಲಿನ ಮುಖಗಳು ಕಲಸಿಹೋಗಿರುತ್ತಿದ್ದವು. ಬಲಗಡೆಯವು ನಡುವೆ, ನಡುವಿನವು ಎಲ್ಲೋ. ಮತ್ತೆ ಒಂದೊಂದನ್ನೇ ಎಳೆದು ಅದರದರ ಜಾಗಕ್ಕೆ ಸೇರಿಸುತ್ತಿದ್ದಳು.

"ನೀನೇನಾದ್ರೂ ಮುಟ್ಟಿದ್ಯೇನಪ್ಪಾ?" ಎಂದು ಕೇಳಿದರೆ ಬಾಮೈದ, "ನಾನ್ಯಾಕೆ ಮುಟ್ಲಿ ಅಕ್ಕಾ? ನಿಮ್ ಕೈಗುಣ ಅದು" ಎಂದು ನಗುತ್ತಿದ್ದ.

ಒಮ್ಮೆ ತಿದ್ದದ ಫೋಟೋವೇ ಪ್ರಿಂಟಾಗಿ ಹೋಯಿತು. ಆಮೇಲೆ ಈ ದೊಡ್ಡ ಗಲಾಟೆ. ಒಬ್ಬ ಹೆಂಗಸು ತೀರಿಹೋದ ತನ್ನ ತಾಯಿಯ ಹಳೆಯ ಫೋಟೋ ತಂದಿದ್ದಳು. ಮಡಚಿದ ಗೆರೆ ಸರಿಯಾಗಿ ಮುಖದ ಮೇಲೇ ಹಾದುಹೋಗಿ ಒಂದು ಕೆನ್ನೆಯೇ ಇರಲಿಲ್ಲ. "ನಕ್ಕಾಗ ನಿಮ್ಮಮ್ಮನಿಗೆ ಗುಳಿ ಬೀಳ್ತಿತ್ತಾ?" ಎಂದು ಕೇಳಿಕೊಂಡು ಚಿಕ್ಕಮ್ಮ ಆ ಕೆನ್ನೆಯನ್ನು ಮಾಡಿದ್ದಳು. ಇವತ್ತು ಆ ಹೆಂಗಸು ಫೋಟೋ ಒಯ್ಯಲು ಚೌಕಟ್ಟು ಹಿಡಿದುಕೊಂಡೇ ಬಂದಳು. ಪರದೆಯ ಮೇಲೆ ಫೋಟೋ ಇಲ್ಲ.

ನಾನು ಬುತ್ತಿ ಕೊಡಲು ಹೋದಾಗ ಮಾಲೀಕರು ಗಿರಾಕಿಗಳ ಎದುರೇ ಕೂಗಾಡುತ್ತಿದ್ದರು. "ಕಣ್ಣು ಕಾಣಿಸಲ್ವೇನಮ್ಮಾ? ಆಗಲ್ಲ ಅಂದ್ರೆ ಆಗಲ್ಲ ಅನ್ನು! ನಾಳೆಯಿಂದ ನೀನು ಫೋಟೋ ಕತ್ತರಿಸೋ ಮೇಜಿಗೆ ಹೋಗು. ಈ ಕುರ್ಚೀಲಿ ಇವನು ಕೂರ್ತಾನೆ."

ಬಾಮೈದ ನೆಲ ನೋಡುತ್ತಿದ್ದ. ಚಿಕ್ಕಮ್ಮ ಮೌಸ್ ಹಿಡಿದು ಹುಡುಕುತ್ತಲೇ ಇದ್ದಳು. ಅದನ್ನು ನೋಡಿ ನನಗೆ ಅವಳ ಮೇಲೂ ಸಿಟ್ಟು ಬಂತು.

ನಾನು ಅವಳ ಪಕ್ಕದ ಸ್ಟೂಲಿನ ಮೇಲೆ ಕೂತೆ. ಅಷ್ಟರಲ್ಲಿ ಗಂಡ ಹೆಂಡತಿ ಇಬ್ಬರು ತಮ್ಮ ಫೋಟೋ ನೋಡಲು ಬಂದರು. ಬಾಮೈದ ಬಂದು, ಅವರಿಗೆ ತೋರಿಸಲು ಮುಂದಿನ ಕೋಣೆಯ ದೊಡ್ಡ ಟಿವಿಯ ಕೇಬಲನ್ನು ಕಂಪ್ಯೂಟರಿಗೆ ಚುಚ್ಚಿದ. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬಂತು. ಎಲ್ಲವೂ ದಪ್ಪ ದಪ್ಪ ಕಾಣಿಸಿತು, ಜಾಗ ಕಿರಿದಾಯಿತು. ಬಲಗಡೆಯ ಮುಖಗಳು ಒಳಕ್ಕೆ ನುಗ್ಗಿದವು. ಜಾಗ ಸಾಲದ ಕೆಲವು ಒಂದರ ಮೇಲೊಂದು ಬಿದ್ದವು. ಕೇಬಲ್ ಕಿತ್ತ ಮೇಲೂ ಅವು ವಾಪಸ್ ಹೋಗಲಿಲ್ಲ.

ನಾನು ಮೂಲೆಯಲ್ಲಿದ್ದ ಒಂದು ಮುಖವನ್ನು ಎಳೆದೆ. ಕೆಳಗೆ ಇನ್ನೊಂದಿತ್ತು. ಅದನ್ನೂ ಎಳೆದೆ. ಅದರ ಕೆಳಗೆ ಗುಳಿಬಿದ್ದ ಕೆನ್ನೆಯ ಆ ತಾಯಿ ಇದ್ದಳು.

ಹೊರಗಿನವರೊಡನೆ ನನಗೆ ಮಾತು ಬರುವುದಿಲ್ಲ. ಅದಕ್ಕೇ ಮಾಲೀಕರನ್ನು ಕೈಸನ್ನೆ ಮಾಡಿ ಕರೆದು, ಕೇಬಲ್ ಚುಚ್ಚಿ ತೋರಿಸಿದೆ. ಮುಖಗಳು ಮತ್ತೆ ಗುಂಪುಗೂಡಿದವು.

ಹಿಂದೆ ನಿಂತಿದ್ದ ಬಾಮೈದ, "ಓ, ಅದಾ? ಅಕ್ಕ ಊಟಕ್ಕೆ ಹೋದಾಗ ಟಿವಿ ಹಾಕಿದ್ರೆ ದಿನಾ ಹಂಗೇ ಆಗುತ್ತೆ. ಇಷ್ಟಕ್ಕೆ ಇಷ್ಟೊಂದು ರಾದ್ಧಾಂತನಾ?" ಎಂದ.

ದಿನಾ ಹಾಗೇ ಆಗುತ್ತದಂತೆ! ಗೊತ್ತಿದ್ದೂ ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದ. ನನ್ನ ಮೈಯೆಲ್ಲ ಉರಿಯಿತು.

ಸರಿ ಮಾಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕಂಪ್ಯೂಟರಿನ ಸೆಟ್ಟಿಂಗಿನಲ್ಲಿ ಎರಡು ಕಡೆಯೂ ಒಂದೇ ಚಿತ್ರ ತೋರಿಸು ಎಂದಿದ್ದದ್ದನ್ನು, ಟಿವಿಗೆ ಬೇರೆ ಪರದೆ ಎಂದು ಬದಲಾಯಿಸಿದೆ. ಕೇಬಲ್ ಚುಚ್ಚಿ ಕಿತ್ತು ಮತ್ತೆ ಮತ್ತೆ ನೋಡಿದೆ. ಒಂದು ಮುಖವೂ ಅಲುಗಲಿಲ್ಲ. ಚಿಕ್ಕಮ್ಮ ಫೋಟೋ ಪ್ರಿಂಟ್ ಮಾಡಿ ಕೊಟ್ಟಳು. ಆ ಹೆಂಗಸು ಚೌಕಟ್ಟಿಗೆ ಹಾಕಿಕೊಂಡು ಕಣ್ಣೊರೆಸಿಕೊಳ್ಳುತ್ತಾ ಹೋದಳು.

"ಹಂಗಾದ್ರೆ ನಾಳೆ ನಾನು ಇಲ್ಲೇ ಕೂರ್ಲಾ ಸಾರ್?" ಎಂದು ಚಿಕ್ಕಮ್ಮ ಮೆಲ್ಲಗೆ ಕೇಳಿದಳು.

"ಸಿಕ್ತಲ್ಲ, ಬಿಡಮ್ಮ. ಆದ್ರೂ ಎಲ್ರ ಎದುರಿಗೆ ಹೇಳಿಬಿಟ್ಟಿದೀನಿ. ಈಗ ತಿರುಗಿಸಿದ್ರೆ ನನ್ ಮಾತಿಗೆ ಏನು ಬೆಲೆ? ಸ್ವಲ್ಪ ದಿನ ಕತ್ತರಿ ಹಿಡಿ."

ಬೈದದ್ದೂ ಎಲ್ಲರ ಎದುರಿಗೇ. ಬೈದದ್ದು ತಪ್ಪೆಂದು ಹೇಳಲು ಮಾತ್ರ ಅವರಿಗೆ ಮಾತಿನ ಬೆಲೆ ಅಡ್ಡ ಬರುತ್ತದೆ. ಚಿಕ್ಕಮ್ಮ "ಆಯ್ತು ಸಾರ್" ಎಂದಳು. ಮನೆಗೆ ನಡೆಯುತ್ತಾ, "ಹೋಗ್ಲಿ ಬಿಡೇ, ಕತ್ತರಿ ಕೆಲಸಕ್ಕೆ ತಲೆನೋವಿಲ್ಲ" ಎಂದಳು. ಆದರೆ ದಾರಿಯುದ್ದಕ್ಕೂ ಅವಳ ಬಲಗೈ ಬೆರಳು ಏನನ್ನೋ ಎಳೆದು ಪಕ್ಕಕ್ಕಿಡುವ ಹಾಗೆ ಆಡುತ್ತಿತ್ತು. ಅದು ಅವಳಿಗೇ ಗೊತ್ತಿರಲಿಲ್ಲ.

ಹೋಗಲಿ ಬಿಡಲು ನನ್ನಿಂದ ಆಗುವುದಿಲ್ಲ. ನಾಳೆ ಚಿಕ್ಕಮ್ಮನ ಜೊತೆ ನಾನೂ ಅಂಗಡಿಗೆ ಹೋಗುತ್ತೇನೆ. ಗಿರಾಕಿಗಳು ಬರುವವರೆಗೆ ಕಾದಿದ್ದು, ಅವರ ಎದುರಿಗೇ ಮಾಲೀಕರ ಹತ್ತಿರ ಚಿಕ್ಕಮ್ಮನ ಕುರ್ಚಿ ವಾಪಸ್ ಕೇಳುತ್ತೇನೆ.