ಸಮುದ್ರ ಮುಟ್ಟದ ಭಟ್ಟರು ದ್ವೀಪಕ್ಕೆ ಹೋದದ್ದು

ಅಮಾವಾಸ್ಯೆ, ಹುಣ್ಣಿಮೆಯಂಥ ಪರ್ವದಿನ ಬಿಟ್ಟು ಬೇರೆ ದಿನ ಸಮುದ್ರವನ್ನು ಮುಟ್ಟಬಾರದು ಎಂದು ನಮ್ಮ ಮನೆಯ ಹಿರಿಯರು ಹೇಳುತ್ತಿದ್ದರು. ಅವರು ನಂಬಿ ಹೇಳುತ್ತಿದ್ದರು. ನಾನು ಮಾತ್ರ ಆ ಮಾತನ್ನು ನಲವತ್ತೊಂದು ವರ್ಷ ಸುಳ್ಳಿಗೆ ಬಳಸಿಕೊಂಡೆ. ಈಗ ವಯಸ್ಸು ಎಪ್ಪತ್ತು ದಾಟಿದೆ, ಹೇಳಿಬಿಡುತ್ತೇನೆ. ನನಗೆ ನೀರು ಕಂಡರೆ ಹೆದರಿಕೆ.

ಕಾರಣವೇನೂ ಇಲ್ಲ. ಮುಳುಗಿ ಬದುಕಿದವನಲ್ಲ ನಾನು. ಭದ್ರಾವತಿಯಲ್ಲಿ ಹುಟ್ಟಿ, ಹೊಳೆ ಕಣ್ಣೆದುರೇ ಹರಿಯುತ್ತಿದ್ದರೂ ಮೊಣಕಾಲಿನಿಂದ ಮೇಲೆ ನೀರು ಬರಲು ಬಿಟ್ಟವನಲ್ಲ, ಅಷ್ಟೆ. ಎಸ್ಸೆಸ್ಸೆಲ್ಸಿ ಮುಗಿಸಿ ಅಲ್ಲಿಯ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಕೆಲಸಕ್ಕೆ ಸೇರಿದೆ. ಅಪ್ಪ ಪೌರೋಹಿತ್ಯ ಮಾಡುತ್ತಿದ್ದರಿಂದ ಕಾರ್ಖಾನೆಯಲ್ಲೂ ನಾನು ಭಟ್ಟರೇ.

ಮದುವೆಯಾದ ವರ್ಷ ಹೆಂಡತಿಯನ್ನು ಉಡುಪಿಗೆ ಕರೆದುಕೊಂಡು ಹೋದೆ. ಅವಳು ಶಿವಮೊಗ್ಗದ ಸಂಸ್ಕೃತ ಮೇಷ್ಟರ ಮಗಳು, ಸಮುದ್ರ ನೋಡಿದ್ದು ಅದೇ ಮೊದಲು. ಕೃಷ್ಣನ ದರ್ಶನ ಮುಗಿಸಿ ಮಲ್ಪೆಗೆ ಬಂದರೆ ದೂರದಲ್ಲಿ ತೆಂಗಿನ ಮರ ಹೊತ್ತ ಪುಟ್ಟ ದ್ವೀಪಗಳು. ಅಲ್ಲಿಗೆ ದೋಣಿ ಹೋಗುತ್ತದೆ ಎಂದು ತಿಳಿದದ್ದೇ ಅವಳು ಹುಡುಗಿಯ ಹಾಗೆ ಓಡಿದಳು. ಟಿಕೆಟ್ ತೆಗೆದವನೂ ನಾನೇ. ಕಟ್ಟೆಯ ಅಂಚಿಗೆ ಬಂದಾಗ ದೋಣಿ ಒಂದು ಗೇಣು ಹತ್ತಿರ ಬರುವುದು, ಎರಡು ಗೇಣು ದೂರ ಹೋಗುವುದು. ನಡುವೆ ಕಪ್ಪು ನೀರು. ಕಾಲು ಎತ್ತಲು ನೋಡಿದೆ, ಏಳಲಿಲ್ಲ. ಹೆಂಡತಿ ಆಗಲೇ ದೋಣಿಯೊಳಗೆ ನಿಂತು ನನ್ನತ್ತ ಕೈ ಚಾಚಿದ್ದಳು. ಹಿಂದೆ ಜನ ಕಾಯುತ್ತಿದ್ದರು.

"ಇಳಿ ಕೆಳಗೆ. ಇವತ್ತು ದಶಮಿ. ಪರ್ವ ಅಲ್ಲದ ದಿನ ಸಮುದ್ರ ಮುಟ್ಟಬಾರದು, ಮರೆತೇ ಹೋಗಿತ್ತು" ಎಂದೆ, ಎಲ್ಲರಿಗೂ ಕೇಳುವ ಹಾಗೆ.

ಅವಳು ಇಳಿದಳು. ಲಾಡ್ಜಿಗೆ ಬಂದ ಮೇಲೆ ನನ್ನ ಕಾಲಿಗೆ ನಮಸ್ಕಾರ ಮಾಡಿ, "ದೊಡ್ಡ ತಪ್ಪು ಆಗೋದನ್ನ ತಪ್ಪಿಸಿದ್ರಿ" ಎಂದಳು. ಆ ಕ್ಷಣದಲ್ಲೇ ನಿಜ ಹೇಳಬಹುದಿತ್ತು. ನಾನು ಆಶೀರ್ವಾದ ಮಾಡಿದೆ.

ಆಮೇಲೆ ಸುಳ್ಳು ತಾನೇ ಬೆಳೆಯಿತು. ಅವಳು ಅಭಿಮಾನದಿಂದ ನಾಲ್ಕು ಮನೆಯಲ್ಲಿ ಹೇಳಿದಳು. ಸಮುದ್ರ ಮುಟ್ಟದ ಭಟ್ಟರು ಎಂದು ನನಗೆ ಹೆಸರಾಯಿತು. ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಿದ್ದ ತಮಿಳಿನವನೊಬ್ಬ ಮಾತ್ರ, "ಏನ್ ಸಾಮಿ, ಮೀನು ಪಂಚಾಂಗ ನೋಡ್ಕೊಂಡಾ ಈಜೋದು?" ಎಂದು ಕೆಣಕುತ್ತಿದ್ದ. ಉಳಿದವರು ಅವನನ್ನೇ ಗದರುತ್ತಿದ್ದರು. ನಾನು ದೊಡ್ಡ ಮನುಷ್ಯನ ಹಾಗೆ ಮುಗುಳ್ನಗುತ್ತಿದ್ದೆ.

ಹೆಂಡತಿ ಸುಮ್ಮನೆ ಇರುವವಳಲ್ಲ, ದಾರಿ ಹುಡುಕುತ್ತಿದ್ದಳು.

"ಅಮಾವಾಸ್ಯೆ ದಿನವೇ ಹೋದ್ರೆ?"

"ಅಮಾವಾಸ್ಯೆ ದಿನ ಯಾರಾದ್ರೂ ಪ್ರಯಾಣ ಹೊರಡ್ತಾರೇನೇ?"

"ಸರಿ, ಹುಣ್ಣಿಮೆಗೆ?"

"ಹುಣ್ಣಿಮೆಗೆ ಉಬ್ಬರ ಜಾಸ್ತಿ. ದೋಣಿ ಬಿಡಲ್ಲ."

ಹೀಗೆ ಮೂವತ್ತು ತಿಥಿಗೂ ಬೀಗ ಹಾಕಿದೆ. ಎಲ್ಲಕ್ಕಿಂತ ದೊಡ್ಡ ಪಾಪ ಬೇರೆ ಇದೆ. ಶಿವಮೊಗ್ಗದ ಗೋಪಾಳದಲ್ಲಿರುವ ಅವಳ ತಂಗಿ ಒಮ್ಮೆ ಕೊಚ್ಚಿಯಿಂದ ಹಡಗಿನಲ್ಲಿ ಲಕ್ಷದ್ವೀಪಕ್ಕೆ ಹೊರಟು, ಅಕ್ಕನನ್ನೂ ಕರೆದಳು. ಹೆಂಡತಿ ನಮ್ಮ ನಿಯಮ ಹೇಳಿ ಬರುವುದಿಲ್ಲ ಎಂದಳು. "ಅಕ್ಕ ಪಾಲಿಸೋದನ್ನ ನಾನು ಹೇಗೆ ಮೀರಲಿ" ಎಂದು ತಂಗಿಯೂ ಹೋಗಲಿಲ್ಲ. ನನ್ನ ಹೆದರಿಕೆ ಹೀಗೆ ಪಕ್ಕದ ಊರಿಗೂ ಹೋಗಿ ಬೇರೆ ಮನೆಯ ಹೆಂಗಸನ್ನು ಕಟ್ಟಿಹಾಕಿತು.

ನಿವೃತ್ತಿಯಾದ ಮೇಲೆ ನಾವೂ ಶಿವಮೊಗ್ಗಕ್ಕೆ ಬಂದು ವಿನೋಬನಗರದಲ್ಲಿದ್ದೇವೆ. ಎದುರು ಮನೆಯ ಸಾಬರು ಹಳೆಯ ಮೆಕ್ಯಾನಿಕ್. ಅವರ ತಮ್ಮ ಮಲ್ಪೆಯಲ್ಲಿ ದೋಣಿ ಇಂಜಿನ್ ರಿಪೇರಿ ಮಾಡುತ್ತಾರೆ. ಹೋದ ಮಾರ್ಗಶಿರದಲ್ಲಿ ಸಾಬರು ತಮ್ಮನನ್ನು ನೋಡಲು ಹೊರಟವರು, "ಕಾರ್ ಖಾಲಿ ಹೋಗ್ತದೆ, ಬರ್ತೀರೇನು ಭಟ್ರೇ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಪಂಚಾಂಗ ತಂದಳು.

"ನಾಳೆ ಚತುರ್ದಶಿ, ಹೊರಡೋಣ. ಉಡುಪಿಲಿ ಉಳ್ಕೊಳ್ಳೋಣ. ನಾಡಿದ್ದು ಬೆಳಿಗ್ಗೆ ಅಮಾವಾಸ್ಯೆ. ಪ್ರಯಾಣಾನೂ ಆಯ್ತು, ಪರ್ವಾನೂ ಆಯ್ತು. ಇಷ್ಟು ಸುಲಭದ ಲೆಕ್ಕ ಇಷ್ಟು ವರ್ಷ ನಮಗೆ ಹೊಳೀಲಿಲ್ವಲ್ರೀ!"

ನನಗೆ ಮದುವೆಯ ವರ್ಷವೇ ಹೊಳೆದಿತ್ತು. ಅವಳಿಗೆ ಹೊಳೆಯದಿರಲಿ ಎಂದು ನಲವತ್ತೊಂದು ವರ್ಷ ಪ್ರಾರ್ಥಿಸಿದ್ದೆ.

ಆಗುಂಬೆ ಘಾಟಿ ಇಳಿಯುವಾಗ ಮುಂದೆ ಕೂತ ನನ್ನನ್ನು ನೋಡಿ ಸಾಬರು, "ಏನ್ ಭಟ್ರೇ, ಮುಖ ಹುಣಸೆಹಣ್ಣು ಆಗಿದೆ?" ಎಂದರು. ವಾಂತಿ ಬರುವ ಹಾಗಿದೆ ಎಂದೆ. ಅದೂ ಅರ್ಧ ಸುಳ್ಳೇ.

ಅಮಾವಾಸ್ಯೆಯ ಬೆಳಿಗ್ಗೆ ಮಲ್ಪೆಯಲ್ಲಿ ಹೆಚ್ಚು ಜನವಿರಲಿಲ್ಲ. ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಡಿಸಿದರು. ಹೆಂಡತಿ ಸೆರಗು ಸಿಕ್ಕಿಸಿ ಸಾಲಿನಲ್ಲಿ ನನ್ನ ಮುಂದೆ ನಿಂತಳು. ದ್ವೀಪ ನೋಡಲು ತಾವೂ ಬಂದಿದ್ದ ಸಾಬರು ನನ್ನ ಹಿಂದೆ ನಿಂತರು. ದೋಣಿ ಹಿಂದಿನ ಹಾಗೆಯೇ ಹತ್ತಿರ ಬರುತ್ತಿತ್ತು, ದೂರ ಹೋಗುತ್ತಿತ್ತು. ನನ್ನ ಕೈ ಜೇಬಿನ ಮೊಬೈಲಿಗೆ ಹೋಯಿತು. ಈಗ ಕಿವಿಗೆ ಹಿಡಿದು, "ಯಾವಾಗ ಹೋದ್ರು?" ಎಂದು ಒಮ್ಮೆ ಕೇಳಿದರೆ ಸಾಕು. ಭದ್ರಾವತಿಯ ದೊಡ್ಡಪ್ಪನ ಮಗ ತೀರಿಕೊಂಡ ಎಂದರಾಯಿತು, ಸೂತಕ ಬಂತು, ಪರ್ವಸ್ನಾನವಿಲ್ಲ, ಊರಿಗೆ ತಿರುಗಬಹುದು. ಆ ಹೊತ್ತಿಗೆ ಅವನು ಮನೆಯಲ್ಲಿ ಕೂತು ಆರಾಮಾಗಿ ಅವಲಕ್ಕಿ ತಿನ್ನುತ್ತಿದ್ದನೋ ಏನೋ. ಮೊಬೈಲ್ ಕಿವಿಯವರೆಗೆ ಬಂದೂ ಬಂತು. ದೋಣಿ ಹತ್ತುವುದಕ್ಕಿಂತ ಅಣ್ಣನನ್ನು ಕೊಲ್ಲುವುದೇ ಸುಲಭ ಎನ್ನಿಸಿದ್ದನ್ನು ಕಂಡು ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ಮೊಬೈಲ್ ಜೇಬಿಗೆ ಹಾಕಿದೆ.

"ಕೇಳೇ ಇಲ್ಲಿ. ನನಗೆ ಹೆದರಿಕೆ."

"ಏನಕ್ಕೆ?"

"ನೀರಿಗೆ. ಮೊದಲಿಂದಾನೂ. ಆ ದಶಮಿ, ಆ ಶಾಸ್ತ್ರ... ಎಲ್ಲ ಅದಕ್ಕೇ ಹೇಳಿದ್ದು."

ಅವಳು ತಿರುಗಿ ನನ್ನನ್ನು ನೋಡಿದ ನೋಟವನ್ನು ಬರೆಯಲು ನನಗೆ ಬರುವುದಿಲ್ಲ. ದೋಣಿಯವನು, "ಬೇಗ ಬನ್ನಿ ಮಾರಾಯ್ರೇ" ಎಂದು ಕೂಗಿದ.

"ಹೆದರಿಕೆ ಅಂದಿದ್ರೆ ನಾನೇನು ನಗ್ತಿದ್ನಾ? ಕೈ ಹಿಡ್ಕೊಂಡು ಕೂತಿರ್ತಿದ್ದೆ. ಅದಕ್ಕೆ ದೇವರನ್ನ ಅಡ್ಡ ತರಬೇಕಿತ್ತಾ? ನಾನು ನಿಮ್ಮ ಕಾಲಿಗೆ ಬಿದ್ದಿದ್ದೆ ಕಣ್ರೀ ಅವತ್ತು!" ಅವಳ ದನಿ ಏರಿತು. "ನೀವು ಬನ್ನಿ, ಬಿಡಿ. ನಾನಂತೂ ಹೋಗ್ತೀನಿ."

ಒಂದೇ ಹೆಜ್ಜೆಗೆ ದೋಣಿ ಹತ್ತಿಬಿಟ್ಟಳು. ಈ ಸಲ ಕೈ ಚಾಚಲಿಲ್ಲ.

ನಾನು ನೀರು ನೋಡಲಿಲ್ಲ, ಅವಳ ಬೆನ್ನು ನೋಡಿದೆ. ಕಾಲು ಎತ್ತಿದೆ. ಎದ್ದಿತು! ದೋಣಿಯವನ ಭುಜಕ್ಕೆ ಜೋತುಬಿದ್ದು, ಒಬ್ಬರ ಬುತ್ತಿಚೀಲ ತುಳಿದು, ಹಲಗೆಯ ಮೇಲೆ ದೊಪ್ಪನೆ ಕೂತೆ. ಸಾಲಿನಲ್ಲಿ ಹಿಂದೆ ನಿಂತಿದ್ದ ಸಾಬರು, "ಶಹಬ್ಬಾಸ್ ಭಟ್ರೇ!" ಎಂದು ಚಪ್ಪಾಳೆ ತಟ್ಟಿದರು. ಅವರು ಎಲ್ಲ ಕೇಳಿಸಿಕೊಂಡಿದ್ದರು. ಕೇಳಲಿ.

ದಾರಿಯುದ್ದಕ್ಕೂ ಹೆಂಡತಿ ನನಗೆ ಬೆನ್ನು ಹಾಕಿಯೇ ಕೂತಳು. ಒಂದು ಅಲೆ ಎದ್ದು ನನ್ನ ಮುಖಕ್ಕೆ ಹೊಡೆದಾಗ ಕಣ್ಣು ಮುಚ್ಚಿ ಕಿರುಚಿದೆ. ಬಾಯಿಗೆಲ್ಲ ಉಪ್ಪು. ಎರಡನೆಯ ಅಲೆಗೂ ಕಿರುಚಿದೆ. ಮೂರನೆಯದಕ್ಕೆ ನಗು ಬಂತು, ಯಾಕೆಂದು ಗೊತ್ತಿಲ್ಲ.

ದ್ವೀಪದಲ್ಲಿ ಯಾರೋ ಕಡೆದು ನಿಲ್ಲಿಸಿದಂಥ ಕಪ್ಪು ಕಲ್ಲುಗಂಬಗಳು. ಮರಳಿಗಿಂತ ಚಿಪ್ಪೇ ಹೆಚ್ಚು. ಬಂದ ಜನ ಅಲ್ಲಲ್ಲಿ ಚದುರಿದ ಮೇಲೆ ಗಾಳಿ, ಅಲೆ ಬಿಟ್ಟು ಬೇರೆ ಸದ್ದಿಲ್ಲ. ಹೆಂಡತಿ ನೇರ ನೀರಿಗೆ ಹೋಗಿ, ಸೀರೆ ನೆನೆಯುವುದನ್ನೂ ಲೆಕ್ಕಿಸದೆ, ಸೊಂಟದವರೆಗೆ ನಿಂತಳು. ತುಂಬ ಹೊತ್ತು ನಿಂತಳು. ನಾನು ದಡದಲ್ಲಿ ಅವಳ ಚಪ್ಪಲಿ ಕಾದೆ.

ತಿರುಗಿ ಬಂದು ಒದ್ದೆ ಕೈ ಚಾಚಿದಳು. "ಫೋನ್ ಕೊಡಿ. ತಂಗಿಗೆ ಮಾಡಿ ಕೊಡ್ತೀನಿ. ನೀವೇ ಹೇಳ್ಬೇಕು, ನಾನಲ್ಲ. ಅದೇ ಪ್ರಾಯಶ್ಚಿತ್ತ."

ಹೇಳಿದೆ. ಗೋಪಾಳದಿಂದ ನಾದಿನಿ, "ಭಾವ, ನಿಮ್ಮ ಹೆದರಿಕೆಗೆ ನನ್ನ ಹಡಗು ಮುಳುಗ್ತಲ್ಲ ಮಾರಾಯ್ರೇ! ನನಗೊಂದು ದ್ವೀಪ ಬೇಕೇ ಬೇಕು, ನೀವೇ ಕರ್ಕೊಂಡು ಹೋಗ್ಬೇಕು" ಎಂದಳು. ಹೆಂಡತಿ ಮೊದಲ ಸಲ ನಕ್ಕಳು. ಅದು ಕ್ಷಮೆ ಅಲ್ಲ ಎಂದು ನನಗೆ ಗೊತ್ತು. ಆದರೂ ನಕ್ಕಳು.

ಹೋದ ತಿಂಗಳು ಅಕ್ಕತಂಗಿಯರಿಬ್ಬರನ್ನೂ ಕಾರವಾರಕ್ಕೆ ಕರೆದೊಯ್ದೆ. ಅಲ್ಲಿಂದ ಕೂರ್ಮಗಡ ಎಂಬ ದ್ವೀಪಕ್ಕೆ ದೋಣಿ. ದೋಣಿಯಲ್ಲಿ ನನ್ನ ಒಂದೊಂದು ಕೈಯನ್ನು ಒಬ್ಬೊಬ್ಬರು ಹಿಡಿದಿದ್ದರು, ಸಮಾಧಾನಕ್ಕೋ ಕೈದಿಯೆಂದೋ ಕೇಳಲಿಲ್ಲ. ದಡ ಹತ್ತಿರವಾದದ್ದೇ ಇಬ್ಬರ ಕೈಯನ್ನೂ ಬಿಡಿಸಿಕೊಂಡು ಎಲ್ಲರಿಗಿಂತ ಮೊದಲು ನೀರಿಗೆ ಧುಮುಕಿದೆ. ತೊಡೆಯವರೆಗೆ ಸಮುದ್ರ.

"ಅಜ್ಜಾ, ಹಗ್ಗ ಕಟ್ಟೋ ತನಕ ತಡೀರಿ!" ಎಂದು ದೋಣಿಯವನು ಬೈಯುತ್ತಿದ್ದ. ನನಗೆ ಆ ಬೈಗುಳ ಎಷ್ಟು ಹಿತವಾಗಿತ್ತು!